ಮೊಣಕಾಲಿನ ಗಾಯ, ಒದ್ದೆ ಪುಸ್ತಕ, ಬಾಕಿ ಉಳಿದ ಹತ್ತು ಮೀಟರ್

ಕಿಟಕಿ ಸೀಟು (ಮೈಸೂರು)
ಶುಕ್ರವಾರ, ರಾತ್ರಿ 8:10

ಎಲ್ಲರಿಗೂ ನಮಸ್ಕಾರ. ನಾನು ಒಂಬತ್ತನೇ ತರಗತಿಯ ಹುಡುಗಿ. ಇಲ್ಲಿ ಅಪ್ಪ ಅಮ್ಮಂದಿರೇ ಮಕ್ಕಳ ಬಗ್ಗೆ ಬರೆಯುತ್ತಿರುತ್ತೀರಿ. ಒಂದು ಸಲ ಮಗುವೇ ಬರೆದರೆ ಯಾರೂ ಬೇಸರ ಮಾಡಿಕೊಳ್ಳಲಾರಿರಿ ಎಂದುಕೊಂಡಿದ್ದೇನೆ.

ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಆರಕ್ಕೆ ಈಜು ತರಗತಿ. ಸೋಮವಾರ, ಬುಧವಾರ, ಶುಕ್ರವಾರ ಶಾಲೆ ಬಿಟ್ಟ ಮೇಲೆ ಐದೂವರೆಯವರೆಗೆ ಕೊಕ್ಕೊ. ಭಾನುವಾರ ತಲೆಗೆ ಎಣ್ಣೆ, ಗ್ರಂಥಾಲಯ, ವಾರವಿಡೀ ಮುಂದೂಡಿದ ಹೋಂವರ್ಕ್. ಕಥೆ ಪುಸ್ತಕಕ್ಕೆ ಅಂತ ಪ್ರತ್ಯೇಕ ಹೊತ್ತಿಲ್ಲ. ಬಸ್ಸಿನಲ್ಲಿ ಇಪ್ಪತ್ತು ನಿಮಿಷ, ಅದೂ ಕಿಟಕಿ ಪಕ್ಕ ಜಾಗ ಸಿಕ್ಕರೆ. ರಾತ್ರಿ ಅಮ್ಮ ದೀಪ ಆರಿಸುವವರೆಗೆ.

ಈ ವಾರ ಮೂರೂ ಒಂದಕ್ಕೊಂದು ಡಿಕ್ಕಿ ಹೊಡೆದವು. ಬುಧವಾರ ಅಭ್ಯಾಸದಲ್ಲಿ ನಾನು ಬೆನ್ನಟ್ಟುವ ಸರದಿಯಲ್ಲಿದ್ದೆ. ಓಡುತ್ತಿದ್ದವಳು ಕಂಬದ ಹತ್ತಿರ ಸರಕ್ಕನೆ ತಿರುಗಿದಳು. ಎಡಗೈಯಲ್ಲಿ ಕಂಬ ಹಿಡಿದು ಮೈ ಚಾಚಿದೆ. ಬೆಳಗಿನ ಮಳೆಗೆ ನೆನೆದ ಕಂಬ ಕೈಯಿಂದ ಜಾರಿತು. ಬೆರಳ ತುದಿ ಅವಳ ಪ್ಯಾಂಟಿನ ಹೊಲಿಗೆಗೆ ತಗುಲಿ ಅವಳು ಔಟಾದಳು, ನಿಜ. ಆದರೆ ಅಷ್ಟರಲ್ಲಿ ನನ್ನ ಬಲ ಮೊಣಕಾಲು ಜಲ್ಲಿ ನೆಲದ ಮೇಲೆ ಒಂದು ಅಡಿ ಸವೆದುಕೊಂಡು ಹೋಗಿತ್ತು. ಗೆಳತಿ ನೀರಿನ ಬಾಟಲಿ ಬಗ್ಗಿಸಿ ತೊಳೆದಾಗ ಗಾಯದೊಳಗಿಂದ ಮೂರು ಸಣ್ಣ ಕಲ್ಲು ಬಂದವು. ಅವುಗಳಲ್ಲಿ ಒಂದನ್ನು ಜ್ಯಾಮಿತಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ.

ಗುರುವಾರ ಬೆಳಿಗ್ಗೆ ತರಬೇತುದಾರರು ಗಾಯ ನೋಡಿ ನೀರಿಗೆ ಇಳಿಯಬೇಡ ಎಂದರು. ಅಪ್ಪ ಕರೆದುಕೊಂಡು ಹೋಗಲು ಬರುವವರೆಗೆ ಕೊಳದ ಪಕ್ಕದ ಮೆಟ್ಟಿಲ ಮೇಲೆ ಕುಳಿತು ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ ಓದುತ್ತಿದ್ದೆ. ಎಂಟು ವರ್ಷದ ಒಬ್ಬ ಮಹಾಶಯ ಓಡಿ ಬಂದು ದಬಾರ್ ಎಂದು ಹಾರಿದ. ಅರ್ಧ ಕೊಳದ ನೀರು ನನ್ನ ತೊಡೆಯ ಮೇಲೆ. ಪುಸ್ತಕ ಗ್ರಂಥಾಲಯದ್ದು.

ಮೊದಲನೆಯದು, ಒದ್ದೆ ಪುಸ್ತಕ ಒಣಗಿಸುವುದು ಹೇಗೆ? ಎರಡನೆಯದು, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಈಗಿನಿಂದಲೇ ಒಂದನ್ನು ಬಿಡು ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಅಪ್ಪ ಕೊಕ್ಕೊ ಎನ್ನುತ್ತಾರೆ, ಅಮ್ಮ ಈಜು ಎನ್ನುತ್ತಾರೆ, ಅಜ್ಜಿ ಕಥೆ ಪುಸ್ತಕ ಎನ್ನುತ್ತಾರೆ. ಯಾವುದನ್ನು ಬಿಡಲಿ ಎಂದು ನಾನು ಕೇಳುತ್ತಿಲ್ಲ. ನೀವು ನನ್ನ ವಯಸ್ಸಿನಲ್ಲಿ ಏನನ್ನು ಬಿಟ್ಟಿರಿ? ಬಿಟ್ಟ ಮೇಲೆ ಆ ಹೊತ್ತಿನಲ್ಲಿ ನಿಜವಾಗಿ ಪಾಠ ಓದಿದಿರಾ? ಅಷ್ಟು ಮಾತ್ರ ಹೇಳಿ.

ಸುಮ್ಮನೆ ಓದುವವನು
ರಾತ್ರಿ 8:22

ಚಿತ್ರಕಲೆ ಬಿಟ್ಟೆ. ಓದಲಿಲ್ಲ. ಕ್ರಿಕೆಟ್ ನೋಡಿದೆ.

ಅರಿವು ಕೇಂದ್ರದ ಅಕ್ಕ (ಗ್ರಾಮ ಪಂಚಾಯಿತಿ ಗ್ರಂಥಾಲಯ, ಮಂಡ್ಯ ಜಿಲ್ಲೆ)
ರಾತ್ರಿ 8:47

ಮೊದಲು ಪುಸ್ತಕದ ವಿಷಯ, ಅದು ತುರ್ತು. ಇಸ್ತ್ರಿ ಪೆಟ್ಟಿಗೆ ಮುಟ್ಟಬೇಡ, ಬಿಸಿಲಿಗೂ ಇಡಬೇಡ. ಎರಡೂ ಹಾಳೆಯನ್ನು ಹಪ್ಪಳ ಮಾಡುತ್ತವೆ. ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ, ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ, ಫ್ಯಾನ್ ಕೆಳಗೆ ಇಡು. ಹತ್ತು ಹದಿನೈದು ಹಾಳೆಗೊಂದರಂತೆ ಬಿಳಿ ಕಾಗದ ಸೇರಿಸು. ವೃತ್ತಪತ್ರಿಕೆ ಬೇಡ, ಅದರ ಮಸಿ ಅಂಟುತ್ತದೆ. ಕಾಗದ ತೇವ ಹೀರಿದ ಹಾಗೆಲ್ಲ ಬದಲಿಸು. ಮುಟ್ಟಿದರೆ ತಣ್ಣಗೆ ಅನ್ನಿಸುವಷ್ಟು ತೇವ ಉಳಿದಾಗ ಮುಚ್ಚಿ, ಮೇಲೆ ಭಾರ ಹೇರು. ಭಾರಕ್ಕೆ ನಿಘಂಟು ಉತ್ತಮ, ನಮ್ಮಲ್ಲಿ ಅದನ್ನು ಬೇರೆ ಯಾವುದಕ್ಕೂ ಯಾರೂ ತೆಗೆಯುವುದಿಲ್ಲ. ಒಣಗಿಸಲು ಈಗಲೇ ಬಿಡುವಿಲ್ಲ ಎಂದಾದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್‌ನ ಮಂಜುಗಡ್ಡೆ ಖಾನೆಯಲ್ಲಿ ಇಡಬಹುದು. ಬೂಷ್ಟು ಹಿಡಿಯದೆ ಕಾಯುತ್ತದೆ. ಅಮ್ಮನಿಗೆ ಮೊದಲೇ ಹೇಳಿ ಇಡು.

ಗ್ರಂಥಾಲಯದಲ್ಲಿ ಸತ್ಯ ಹೇಳು. ಪುಸ್ತಕ ನೀರಿಗೆ ಬೀಳುವುದು ನಮಗೆ ಹೊಸದಲ್ಲ. ಇಲ್ಲಿ ಸಾಂಬಾರು, ಎಮ್ಮೆಯ ನಾಲಿಗೆ, ತಮ್ಮನ ಬಣ್ಣದ ಪೆನ್ಸಿಲು ಎಲ್ಲವನ್ನೂ ನೋಡಿದ್ದೇವೆ. 2020ರಲ್ಲಿ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಸದಸ್ಯತ್ವ ಉಚಿತವಾಯಿತು. ಅಂದಿನಿಂದ ನಮ್ಮಲ್ಲಿ ಹೆಚ್ಚು ಸವೆದಿರುವುದು ಮಕ್ಕಳ ಕಪಾಟೇ. ಸವೆಯದ ಪುಸ್ತಕ ಕಂಡರೆ ನನಗೆ ಬೇಸರ.

ನಿನ್ನ ಎರಡನೇ ಪ್ರಶ್ನೆಗೆ ಉತ್ತರ: ಹತ್ತನೇ ತರಗತಿಯಲ್ಲಿ ಕಾದಂಬರಿ ಬಿಟ್ಟೆ ಎಂದು ಮನೆಯಲ್ಲಿ ಹೇಳಿದ್ದೆ. ಸಮಾಜ ವಿಜ್ಞಾನದ ಪುಸ್ತಕದೊಳಗೆ ಇಟ್ಟುಕೊಂಡು ಓದಿದೆ.

ಲೆಕ್ಕದ ಅಪ್ಪ (ಬೆಂಗಳೂರು)
ರಾತ್ರಿ 9:15

ಎಲ್ಲರೂ ಮಗುವನ್ನು ಮುದ್ದು ಮಾಡುವ ಮೊದಲು ಸ್ವಲ್ಪ ಲೆಕ್ಕ ನೋಡೋಣ. ಹೋಗಿ ಬರುವುದು, ಬಟ್ಟೆ ಬದಲಿಸುವುದು ಸೇರಿ ಈಜಿಗೆ ದಿನಕ್ಕೆ ಒಂದೂವರೆ ಗಂಟೆ. ಮೂರು ದಿನಕ್ಕೆ ನಾಲ್ಕೂವರೆ. ಕೊಕ್ಕೊ ಅಷ್ಟೇ. ಒಟ್ಟು ವಾರಕ್ಕೆ ಒಂಬತ್ತು ಗಂಟೆ. ಶಾಲೆಯ ವರ್ಷದಲ್ಲಿ ನಲವತ್ತು ವಾರ ಹಿಡಿದರೂ 360 ಗಂಟೆ. ಗಣಿತದ ಇಡೀ ಪುಸ್ತಕವನ್ನು ಮೂರು ಸಲ ಮುಗಿಸಬಹುದು. ನನ್ನ ಮಗಳು ಈಗ ಹತ್ತನೇ ತರಗತಿ. ಜೂನ್‌ನಲ್ಲಿ ಬ್ಯಾಡ್ಮಿಂಟನ್ ನಿಲ್ಲಿಸಿದೆವು. ಒಂದು ವರ್ಷದ ಮಾತು, ಆಮೇಲೆ ಬೇಕಾದಷ್ಟು ಆಡಲಿ. ಇದರಲ್ಲಿ ಕ್ರೌರ್ಯವೇನೂ ಇಲ್ಲ. ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಮಕ್ಕಳು ಬೇರೆ, ನಮ್ಮ ಮಕ್ಕಳು ಬೇರೆ.

ಕಿಟಕಿ ಸೀಟು
ರಾತ್ರಿ 9:31

ಅಂಕಲ್, ಪ್ಯಾರಿಸ್ ಎಂದಿರಲ್ಲ, ಧಿನಿಧಿ ದೇಸಿಂಗು ಅವರ ಫೋಟೊ ನಮ್ಮ ಈಜು ಬ್ಯಾಗುಗಳ ಕೋಣೆಯಲ್ಲಿ ಅಂಟಿಸಿದ್ದಾರೆ. 2024ರ ಒಲಿಂಪಿಕ್ಸ್‌ಗೆ ಹೋದಾಗ ಹದಿನಾಲ್ಕು ವರ್ಷ, ನನ್ನ ಹಾಗೆಯೇ ಒಂಬತ್ತನೇ ತರಗತಿ, ಭಾರತದ ತಂಡದಲ್ಲೇ ಅತಿ ಕಿರಿಯರು. ಅವರು ಈಜಿದ್ದು 200 ಮೀಟರ್ ಫ್ರೀಸ್ಟೈಲ್. ನಾನು ಹದಿನೈದನೇ ಮೀಟರಿನಲ್ಲಿ ನೀರು ಕುಡಿದು ಎದ್ದು ನಿಲ್ಲುತ್ತೇನೆ. ನಮ್ಮ ಕೊಳ 25 ಮೀಟರ್. ಹತ್ತು ಮೀಟರ್ ಬಾಕಿ ಇದೆ, ಐದು ತಿಂಗಳಿಂದ. ಆದ್ದರಿಂದ ನನ್ನನ್ನು ಯಾರೂ ಅವರ ಸಾಲಿಗೆ ಸೇರಿಸುವ ಅಪಾಯವಿಲ್ಲ.

ಅಕ್ಕ, ಪುಸ್ತಕ ಫ್ಯಾನ್ ಕೆಳಗಿದೆ. ಅಜ್ಜಿ ಅದನ್ನು ನೋಡಿ ‘ಹಪ್ಪಳ ಒಣಗಿಸಲು ಈ ಶ್ರದ್ಧೆ ಇದ್ದಿದ್ದರೆ’ ಎಂದರು.

ನಿವೃತ್ತ ಪಿ.ಟಿ. ಮೇಷ್ಟ್ರು (ಚಾಮರಾಜನಗರ)
ಶನಿವಾರ, ಬೆಳಿಗ್ಗೆ 6:05

ಮಗೂ, ಗಾಯಕ್ಕೆ ಕಾಫಿ ಪುಡಿ ಹಾಕಿಲ್ಲ ತಾನೇ? ಹಾಕಿದ್ದರೆ ತೊಳೆದು ತೆಗೆ. ಸೋಪು, ಶುದ್ಧ ನೀರು ಸಾಕು. ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿದೆ ಎಂದು ಅಮ್ಮನನ್ನು ಕೇಳು, ಬೇಕಿದ್ದರೆ ಡಾಕ್ಟರರಿಗೆ ತೋರಿಸು.

ಇನ್ನು ಕಂಬದ ವಿಷಯ. ಒದ್ದೆ ಕಂಬದ ಮೇಲೆ ಡೈವ್ ಮಾಡಿಸಿದ್ದು ತಪ್ಪು, ಅದು ನಿನ್ನ ತಪ್ಪಲ್ಲ. ಆಟಕ್ಕೆ ಮೊದಲು ಒಣ ಬಟ್ಟೆಯಲ್ಲಿ ಕಂಬ ಒರೆಸಬೇಕು, ಕಂಬದ ಸುತ್ತಲ ಜಲ್ಲಿ ಆರಿಸಬೇಕು, ನೆಲ ಗಟ್ಟಿಯಾಗಿದ್ದರೆ ಅಗೆದು ಮಣ್ಣು ಸಡಿಲ ಮಾಡಬೇಕು. ನಾನು ಮೂವತ್ತು ವರ್ಷ ಮೈದಾನದಲ್ಲಿ ಬೆಳಿಗ್ಗೆ ಮೊದಲು ಮಾಡುತ್ತಿದ್ದ ಕೆಲಸ ಸೀಟಿ ಊದುವುದಲ್ಲ, ಕಲ್ಲು ಹೆಕ್ಕುವುದು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತಲಾ ಇಪ್ಪತ್ತು ಕಲ್ಲು ಎಂದರೆ ಹತ್ತು ನಿಮಿಷದಲ್ಲಿ ಮೈದಾನ ಚೊಕ್ಕಟ. ನಿಮ್ಮ ಮೇಷ್ಟ್ರಿಗೆ ನೀನೇ ಹೇಳಬೇಡ, ತಂಡದ ನಾಯಕಿಯಿಂದ ಹೇಳಿಸು. ಮೊಣಕಾಲಿಗೆ ಪಟ್ಟಿ ಹಾಕಿಕೊಳ್ಳದೆ ಡೈವ್ ಮಾಡುವುದಿಲ್ಲ ಎನ್ನು. ಯಾವ ಮೇಷ್ಟ್ರೂ ಇಲ್ಲ ಎನ್ನಲಾರರು.

ಲೆಕ್ಕದ ಅಪ್ಪನವರೇ, ನಿಮ್ಮ ಮಾತಿಗೆ ಬೆಲೆ ಇದೆ. ಆದರೆ ಕೊಕ್ಕೊವನ್ನು ಗಂಟೆಯಲ್ಲಿ ಅಳೆಯಬೇಡಿ. ಎಂಟು ಮಂದಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಚೌಕಗಳಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿರುತ್ತಾರೆ. ಒಂಬತ್ತನೆಯವಳು ಓಡುತ್ತಾಳೆ. ಅವಳಿಗೆ ಹಿಂದೆ ತಿರುಗುವ ಹಕ್ಕಿಲ್ಲ, ನಡುಗೆರೆ ದಾಟುವ ಹಕ್ಕಿಲ್ಲ. ದಿಕ್ಕು ಬದಲಿಸಬೇಕಾದರೆ ಕಂಬದವರೆಗೆ ಹೋಗಬೇಕು, ಇಲ್ಲವೇ ಕುಳಿತವಳ ಬೆನ್ನು ತಟ್ಟಿ ‘ಖೊ’ ಎಂದು ತನ್ನ ಓಟವನ್ನು ಅವಳಿಗೆ ಕೊಟ್ಟುಬಿಡಬೇಕು. ಹದಿನಾಲ್ಕು ವರ್ಷದ ಮಕ್ಕಳಿಗೆ ಕಷ್ಟವಾಗುವುದು ಓಟವಲ್ಲ, ಈ ಕೊಟ್ಟುಬಿಡುವುದು. ಎದುರಾಳಿ ಎರಡು ಗೇಣು ದೂರದಲ್ಲಿರುವಾಗ ‘ನಾನೇ ಹಿಡಿಯುತ್ತೇನೆ’ ಎಂದು ಇನ್ನೂ ನಾಲ್ಕು ಹೆಜ್ಜೆ ಓಡುತ್ತಾರೆ. ಅಷ್ಟರಲ್ಲಿ ಅವಳು ಆ ಪಕ್ಕಕ್ಕೆ ನುಸುಳಿರುತ್ತಾಳೆ. ‘ಖೊ ಕೊಡೇ’ ಎಂದು ಕೂಗಿ ಕೂಗಿಯೇ ನನ್ನ ಗಂಟಲು ಹೀಗಾಗಿದ್ದು.

ಎಲ್ಲರೂ ರಾಜ್ಯ ಮಟ್ಟಕ್ಕೆ ಹೋಗುವುದಿಲ್ಲ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ ದಾಟಿ ಹೋಗುವವರು ಬೆರಳೆಣಿಕೆ. ನನ್ನ ಸೇವೆಯಲ್ಲಿ ವಿಭಾಗ ಮಟ್ಟ ದಾಟಿದ ತಂಡ ಒಂದೂ ಇಲ್ಲ, ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಆದರೂ ಒಂದು ಸಂತೋಷ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಕೊಕ್ಕೊ ವಿಶ್ವಕಪ್ ನಡೆಯಿತಲ್ಲ, ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದ ಬಿ. ಚೈತ್ರಾ ಮೈಸೂರು ಜಿಲ್ಲೆಯವರೇ, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಆ ರಾತ್ರಿ ನಾನು ಟಿ.ವಿ. ಮುಂದೆ ಕುಕ್ಕರಗಾಲಿನಲ್ಲೇ ಕುಳಿತಿದ್ದೆನಂತೆ. ಏಳಲು ಸೊಸೆ ಕೈ ಕೊಡಬೇಕಾಯಿತು.

ಬಾವಿಕಟ್ಟೆ (ಬಾಗಲಕೋಟೆ ಜಿಲ್ಲೆ)
ಶನಿವಾರ, ಬೆಳಿಗ್ಗೆ 10:20

ದುಡ್ಡು ಕೊಟ್ಟು ಈಜು ಕಲಿಯುವುದು ನಮ್ಮ ಕಡೆ ಇವತ್ತಿಗೂ ನಗುವ ವಿಷಯ. ನಾವು ಕಲಿತದ್ದು ಹೊಲದ ಬಾವಿಯಲ್ಲಿ. ಒಣಗಿದ ಕತ್ತಾಳೆ ದಿಂಡನ್ನು ಮೊಳದುದ್ದ ಕತ್ತರಿಸಿ, ಹಗ್ಗದಲ್ಲಿ ಪೋಣಿಸಿ, ಬೆನ್ನಿಗೆ ಕಟ್ಟುತ್ತಿದ್ದರು. ಅದಕ್ಕೆ ಬೆಂಡು ಎನ್ನುವುದು. ಮೊದಲ ದಿನ ನಾಲ್ಕು ತುಂಡು. ಕಾಕಾ ಮೇಲಿನಿಂದ ತಳ್ಳುತ್ತಿದ್ದರು, ನಾವು ಬೆಂಡಿನ ಮೇಲೆ ತೇಲುತ್ತ ಅಳುತ್ತಿದ್ದೆವು. ವಾರ ಕಳೆದ ಮೇಲೆ ನಮಗೆ ಗೊತ್ತಿಲ್ಲದಂತೆ ಒಂದು ತುಂಡು ಕಡಿಮೆ. ಇನ್ನೊಂದು ವಾರಕ್ಕೆ ಮತ್ತೊಂದು. ಒಂದು ದಿನ ನೀರಿನ ನಡುವೆ ಬೆನ್ನು ಮುಟ್ಟಿ ನೋಡಿದರೆ ಬರೀ ಹಗ್ಗ. ಆ ಕ್ಷಣ ಮುಳುಗಿದೆ, ಏಕೆಂದರೆ ಮುಟ್ಟಿ ನೋಡಿದೆ.

ನಮಗೆ ಫ್ರೀಸ್ಟೈಲ್ ಗೊತ್ತಿರಲಿಲ್ಲ. ಆದರೆ ಬಾವಿಗೆ ಕೊಡ ಬಿದ್ದರೆ ಅದನ್ನೆತ್ತುವ ಕೊಕ್ಕೆಗಳ ಗೊಂಚಲು, ಪಾತಾಳಗರಡಿ, ಹುಡುಕುವಷ್ಟರಲ್ಲಿ ನಮ್ಮಣ್ಣ ಮುಳುಗಿ ತಂದುಬಿಡುತ್ತಿದ್ದ.

ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದವನೇ ನಾನು. ಈಗ ಅಷ್ಟು ಹೆಮ್ಮೆ ಉಳಿದಿಲ್ಲ. ನಾನು ಏಳನೇ ತರಗತಿಯಲ್ಲಿದ್ದಾಗ ನಮ್ಮ ಜೊತೆ ಈಜುತ್ತಿದ್ದ ಒಬ್ಬ ಬೇಸಿಗೆ ರಜೆಯಲ್ಲಿ ಕೃಷಿ ಹೊಂಡಕ್ಕೆ ಇಳಿದವನು ಮೇಲೆ ಬರಲಿಲ್ಲ. ಅವನು ನನಗಿಂತ ಚೆನ್ನಾಗಿ ಈಜುತ್ತಿದ್ದ. ಹೊಂಡದ ಅಂಚಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತದೆ, ಈಜು ಬಂದವನೂ ಹತ್ತಿ ಬರಲಾರ. ಆಮೇಲೆ ನಮ್ಮೂರಿನಲ್ಲಿ ಮಕ್ಕಳನ್ನು ನೀರಿನ ಹತ್ತಿರವೇ ಬಿಡಲಿಲ್ಲ. ಹೀಗೆ ಒಂದು ತಲೆಮಾರು ಈಜು ಕಲಿಯದೆ ಬೆಳೆಯಿತು. ಅದು ಇನ್ನೂ ದೊಡ್ಡ ಅಪಾಯ.

ಆದ್ದರಿಂದ ತಂಗಿ, ಬೇಕಾದರೆ ಎಲ್ಲವನ್ನೂ ಬಿಡು, ಈ ಹತ್ತು ಮೀಟರ್ ಮುಗಿಸದೆ ಈಜು ಬಿಡಬೇಡ.

ನೀರಿನಲ್ಲೇ ಸಂಬಳ (ಈಜು ತರಬೇತುದಾರ, ಮಂಗಳೂರು)
ಶನಿವಾರ, ಮಧ್ಯಾಹ್ನ 1:40

ಬಾವಿಕಟ್ಟೆಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಯಾರಾದರೂ ಮುಳುಗುತ್ತಿದ್ದರೆ ಈಜು ಬಂದರೂ ಹಾರಬೇಡಿ. ಹಗ್ಗ, ದುಪಟ್ಟಾ, ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನ್, ಏನು ಸಿಕ್ಕರೂ ಎಸೆಯಿರಿ. ಮುಳುಗುವವರು ಕೂಗುವುದಿಲ್ಲ, ಬಾಯಿ ನೀರಿನ ಮಟ್ಟದಲ್ಲಿರುವಾಗ ಕೂಗಲು ಉಸಿರೆಲ್ಲಿ? ಸದ್ದಿಲ್ಲದೆ ಮೇಲೆ ಕೆಳಗೆ ಆಗುತ್ತಿರುತ್ತಾರೆ. ಹತ್ತಿರ ಹೋದವರ ಕುತ್ತಿಗೆ ಹಿಡಿಯುತ್ತಾರೆ, ಇಬ್ಬರೂ ಹೋಗುತ್ತಾರೆ.

ಈಗ ನಿನ್ನ ಹದಿನೈದನೇ ಮೀಟರ್. ನೋಡದೆಯೇ ಹೇಳುತ್ತೇನೆ, ನೀನು ನೀರಿನೊಳಗೆ ಉಸಿರು ಬಿಡುತ್ತಿಲ್ಲ, ಹಿಡಿದಿಟ್ಟುಕೊಳ್ಳುತ್ತಿದ್ದೀಯ. ಮುಖ ಹೊರಗೆ ಬಂದಾಗ ಬಿಡುವುದು, ಎಳೆಯುವುದು ಎರಡನ್ನೂ ಅದೇ ಅರೆಕ್ಷಣದಲ್ಲಿ ಮಾಡಲು ಹೋಗುತ್ತೀಯ. ಎರಡು ಮೂರು ಸಲ ಸಾಗುತ್ತದೆ. ಅಷ್ಟರಲ್ಲಿ ಎದೆಯೊಳಗೆ ಹಳೆಯ ಗಾಳಿ ತುಂಬಿ ಗಾಬರಿಯಾಗುತ್ತದೆ, ತಲೆ ಎತ್ತುತ್ತೀಯ. ತಲೆ ಎದ್ದರೆ ಸೊಂಟ ಮುಳುಗುತ್ತದೆ, ತಕ್ಕಡಿಯ ಹಾಗೆ. ಇಲ್ಲಿ ದಮ್ಮಿನ ಕೊರತೆ ಇಲ್ಲ, ಕೊಕ್ಕೊ ಆಡುವವಳಿಗೆ ದಮ್ಮು ಬೇಕಾದಷ್ಟಿರುತ್ತದೆ.

ಗಾಯ ಮಾಗುವವರೆಗೆ ಮನೆಯಲ್ಲೇ ಬಕೆಟ್ಟಿನಲ್ಲಿ ಮುಖ ಮುಳುಗಿಸಿ ಮೂಗು ಬಾಯಿಯಿಂದ ಗುಳುಗುಳು ಬಿಡು, ನಿಧಾನವಾಗಿ, ಮೂರು ಎಣಿಸುವವರೆಗೆ. ಆಮೇಲೆ ಮುಖ ಎತ್ತಬೇಡ, ಪಕ್ಕಕ್ಕೆ ಹೊರಳಿಸು. ಒಂದು ಕಿವಿ ನೀರಿನಲ್ಲೇ ಇರಬೇಕು, ಒಂದು ಕಣ್ಣೂ. ದಿಂಬಿನ ಮೇಲೆ ಮಗ್ಗುಲಾದ ಹಾಗೆ. ಯಾರಾದರೂ ಹತ್ತಿರ ಇರುವಾಗಲೇ ಮಾಡು.

ಗಾಯದವಳನ್ನು ಇಳಿಸದೆ ಇದ್ದದ್ದು ಸರಿ. ಕ್ಲೋರಿನ್ ಇದ್ದರೂ ಕೊಳ ಆಸ್ಪತ್ರೆಯಲ್ಲ. ಇನ್ನೊಂದು ಗುಟ್ಟು, ಕೊಳದ ಹತ್ತಿರ ಮೂಗಿಗೆ ಬಡಿಯುವ ವಾಸನೆ ಶುದ್ಧ ಕ್ಲೋರಿನ್‌ನದಲ್ಲ. ಬೆವರು, ಮೂತ್ರದೊಂದಿಗೆ ಅದು ಸೇರಿ ಹುಟ್ಟುವ ಕ್ಲೋರಮೈನ್‌ನದು. ಕಣ್ಣು ಕೆಂಪಾಗುವುದೂ ಅದರಿಂದಲೇ. ಇಳಿಯುವ ಮೊದಲು ಮೈ ತೊಳೆಯಿರಿ ಎಂದು ನಾವು ದಿನವೂ ಬೊಬ್ಬೆ ಹೊಡೆಯುವುದು ಇದಕ್ಕೇ.

ಮೂಡಿಗೆರೆ ಮಳೆ
ಶನಿವಾರ, ಮಧ್ಯಾಹ್ನ 2:05

ಈಜು, ಕೊಕ್ಕೊ ನನಗೆ ಗೊತ್ತಿಲ್ಲ. ಆದರೆ ‘ಕರ್ವಾಲೊ’ದಲ್ಲಿ ಬರುವ ಹಾರುವ ಓತಿಯನ್ನು ನಮ್ಮ ತೋಟದಲ್ಲೇ ನೋಡಿದ್ದೇನೆ. ಅಡಿಕೆ ಮರದ ತೊಗಟೆಗೆ ಅಂಟಿಕೊಂಡಿದ್ದರೆ ಮರವೇ. ಹಾರಿದಾಗ ಪಕ್ಕೆಯ ಚರ್ಮ ಬಿಚ್ಚಿಕೊಳ್ಳುತ್ತದೆ, ಆಗ ಮಾತ್ರ ಕಾಣುತ್ತದೆ. ಅಂಗೈಯಲ್ಲಿ ಹಿಡಿಸುವಷ್ಟು ಪ್ರಾಣಿ. ಕಾದಂಬರಿ 1980ರದ್ದು, ಅದನ್ನು ಓದಿದ ಮೇಲೇ ನಮ್ಮಪ್ಪ ತೋಟದಲ್ಲಿ ತಲೆ ಎತ್ತಿ ನೋಡಲು ಶುರು ಮಾಡಿದ್ದಂತೆ. ಕೊನೆಯಲ್ಲಿ ಏನಾಗುತ್ತದೆ ಎಂದರೆ…

ಕಿಟಕಿ ಸೀಟು
ಶನಿವಾರ, ಮಧ್ಯಾಹ್ನ 2:06

ದಯವಿಟ್ಟು ಹೇಳಬೇಡಿ! ಕೊನೆಯ ಇಪ್ಪತ್ತು ಪುಟ ಒಣಗುತ್ತಿವೆ.

ಒಂದು ಕಾಲದ ಈಜುಗಾರ್ತಿ (ಶಿವಮೊಗ್ಗ)
ಶನಿವಾರ, ಸಂಜೆ 5:30

ಹುಡುಗಿ ಬರೆಯಲಿಲ್ಲ, ಆದರೆ ಈ ವಯಸ್ಸಿನಲ್ಲಿ ಹೆಣ್ಣುಮಕ್ಕಳು ಈಜು ಬಿಡುವುದು ಎಸ್ಸೆಸ್ಸೆಲ್ಸಿಯಿಂದ ಮಾತ್ರವಲ್ಲ. ನಾನು ಬಿಟ್ಟದ್ದು ತಿಂಗಳಿಗೆ ನಾಲ್ಕು ದಿನ ಏಕೆ ಬರುವುದಿಲ್ಲ ಎಂದು ತರಬೇತುದಾರರು ಎಲ್ಲರೆದುರು ಕೇಳಿದಾಗ. ಆಗ ಹೇಳಲು ಬಾಯಿ ಬರಲಿಲ್ಲ. ಈಗ ಹೇಳುತ್ತೇನೆ. ಮುಟ್ಟಿನ ದಿನ ಪ್ಯಾಡ್ ಹಾಕಿಕೊಂಡು ನೀರಿಗೆ ಇಳಿಯಲಾಗದು, ಅದು ಕೊಳದ ನೀರನ್ನೇ ಹೀರಿ ಊದಿಕೊಳ್ಳುತ್ತದೆ. ಟ್ಯಾಂಪನ್ ಅಥವಾ ಮುಟ್ಟಿನ ಕಪ್ ಬಳಸಲು ಒಗ್ಗಿದವರು ಇಳಿಯಬಹುದು. ಒಗ್ಗದವರು ಆ ದಿನ ಬಿಡಲಿ. ‘ಇವತ್ತು ಇಳಿಯುವುದಿಲ್ಲ’ ಎಂದರೆ ಸಾಕು, ಕಾರಣ ಕೊಡಬೇಕಾಗಿಲ್ಲ. ತರಬೇತುದಾರರು ಓದುತ್ತಿದ್ದರೆ ಕೇಳಬಾರದು ಎಂಬುದನ್ನೂ ತಿಳಿದುಕೊಳ್ಳಲಿ.

ಕೂದಲಿಗೆ ಇಳಿಯುವ ಮೊದಲೇ ಸಾದಾ ನೀರು ಹುಯ್ದುಕೊಂಡು ಟೋಪಿ ಹಾಕು. ಸಾದಾ ನೀರು ಕುಡಿದ ಕೂದಲು ಕ್ಲೋರಿನ್ ನೀರನ್ನು ಅಷ್ಟಾಗಿ ಕುಡಿಯುವುದಿಲ್ಲ.

ಬಿಟ್ಟ ಹೊತ್ತಿನಲ್ಲಿ ಏನು ಮಾಡಿದೆ ಎಂದರೆ, ಕನ್ನಡಿಯ ಮುಂದೆ ಕುಳಿತೆ.

ತಗ್ಗಿನ ದೇಶದಿಂದ (ಐಂಡ್‌ಹೋವನ್)
ಶನಿವಾರ, ರಾತ್ರಿ 11:50

ನೆದರ್‌ಲ್ಯಾಂಡ್ಸ್‌ನಲ್ಲಿ ನನ್ನ ಮಗ ಈಜಿನ ‘ಎ’ ಡಿಪ್ಲೊಮಾ ಪರೀಕ್ಷೆ ಬರೆದ, ಅಲ್ಲ, ಈಜಿದ. ಇಲ್ಲಿ ಅಂಗಿ, ಚಡ್ಡಿ, ಬೂಟು ಹಾಕಿಕೊಂಡೇ ನೀರಿಗೆ ಹಾರಬೇಕು. ಕಾಲುವೆಗೆ ಬೀಳುವವರು ಈಜುಡುಗೆಯಲ್ಲಿ ಬೀಳುವುದಿಲ್ಲವಲ್ಲ! ಆಮೇಲೆ ನೀರಿನೊಳಗೆ ತೂಗುಬಿಟ್ಟ ಬಟ್ಟೆಯ ತೂತಿನಲ್ಲಿ ನುಸುಳಿ ಬರಬೇಕು. ಪರೀಕ್ಷೆಯ ದಿನ ಅಜ್ಜ ಅಜ್ಜಿಯರೆಲ್ಲ ಹೂಗುಚ್ಛ ಹಿಡಿದು ಬರುತ್ತಾರೆ. ಊರಿನಲ್ಲಿರುವ ನಮ್ಮಪ್ಪನಿಗೆ ಫೋಟೊ ಕಳಿಸಿದೆ. ‘ಬೂಟು ಹಾಳಾಗಲಿಲ್ಲವೇ’ ಎಂದರು.

ಲೆಕ್ಕದ ಅಪ್ಪ
ಭಾನುವಾರ, ಬೆಳಿಗ್ಗೆ 9:00

ನಿನ್ನೆ ರಾತ್ರಿ ಈ ಚರ್ಚೆಯನ್ನು ಮಗಳಿಗೆ ತೋರಿಸಿದೆ. ಬ್ಯಾಡ್ಮಿಂಟನ್ ಬಿಟ್ಟ ಹೊತ್ತಿನಲ್ಲಿ ಏನು ಮಾಡುತ್ತೀಯ ಎಂದು ಕೇಳಿದೆ. ‘ಮಲಗುತ್ತೇನೆ’ ಎಂದಳು. ಬಾಗಿಲು ಮುಚ್ಚಿ ಓದುತ್ತಿದ್ದಾಳೆ ಎಂದುಕೊಂಡು ಮೂರು ತಿಂಗಳಿಂದ ನಾವು ಆ ಹೊತ್ತಿನಲ್ಲಿ ಟಿ.ವಿ. ಸದ್ದನ್ನೂ ತಗ್ಗಿಸಿಕೊಂಡಿದ್ದೆವು.

ನಿದ್ದೆ ಬೇಕಿತ್ತೇನೋ, ಬಯ್ಯಲಿಲ್ಲ. ನನ್ನ 360 ಗಂಟೆಯ ಲೆಕ್ಕವನ್ನು ಹಿಂತೆಗೆದುಕೊಳ್ಳುತ್ತಿಲ್ಲ, ಗಣಿತ ತಾನಾಗಿ ಬರುವುದಿಲ್ಲ. ಆದರೆ ಭಾನುವಾರ ಸಂಜೆ ಒಂದು ಗಂಟೆ ರ‍್ಯಾಕೆಟ್ ಹಿಡಿಯಬಹುದು ಎಂದು ಒಪ್ಪಂದವಾಗಿದೆ. ಎದುರಾಳಿ ನಾನೇ. ಸೊಂಟಕ್ಕೆ ಯಾವ ಪಟ್ಟಿ ಒಳ್ಳೆಯದು, ಮೇಷ್ಟ್ರೇ?

ಕಿಟಕಿ ಸೀಟು
ಮೂರು ವಾರದ ನಂತರ, ಭಾನುವಾರ

ಉತ್ತರ ಕೊಟ್ಟ ಎಲ್ಲರಿಗೂ ವಂದನೆ. ಮನೆಯಲ್ಲಿ ಎಲ್ಲವನ್ನೂ ಜೋರಾಗಿ ಓದಿ ಹೇಳಿದೆ. ‘ಚಿತ್ರಕಲೆ ಬಿಟ್ಟೆ, ಕ್ರಿಕೆಟ್ ನೋಡಿದೆ’ ಎಂಬಲ್ಲಿ ಅಪ್ಪ ಸ್ವಲ್ಪ ಹೆಚ್ಚೇ ನಕ್ಕರು. ಆಮೇಲೆ ಗೊತ್ತಾಯಿತು, ಅವರು ಬಿಟ್ಟದ್ದು ಕೊಳಲು. ಅದು ಅಟ್ಟದ ಮೇಲೆ ಇನ್ನೂ ಇದೆ. ಅರ್ಧವಾರ್ಷಿಕ ಪರೀಕ್ಷೆಯವರೆಗೆ ಯಾವುದನ್ನೂ ಬಿಡಬೇಕಾಗಿಲ್ಲ, ಅಂಕ ನೋಡಿ ಮಾತಾಡೋಣ ಎಂದಿದ್ದಾರೆ. ಅಜ್ಜಿ ಮಾತ್ರ ಪಟ್ಟು ಸಡಿಲಿಸಿಲ್ಲ.

ತಾಲ್ಲೂಕು ಮಟ್ಟದಲ್ಲಿ ಹನ್ನೆರಡು ಜನರ ತಂಡದಲ್ಲಿ ನಾನು ಹನ್ನೊಂದನೆಯವಳು. ಒಂಬತ್ತು ಮಂದಿ ಆಡಿದರು. ನಾನು ಎಲ್ಲರ ಬ್ಯಾಗು ಕಾಯುತ್ತ ಪುಸ್ತಕ ಓದಿದೆ. ಎರಡನೇ ಪಂದ್ಯದಲ್ಲಿ ಒಬ್ಬಳ ಕಾಲು ಉಳುಕಿ ನನ್ನನ್ನು ಕರೆದರು. ಓಡುತ್ತಿದ್ದವಳು ಎರಡು ಗೇಣು ದೂರದಲ್ಲಿದ್ದಾಗ ಮೇಷ್ಟ್ರು ಬರೆದದ್ದು ನೆನಪಾಯಿತು, ಖೊ ಕೊಟ್ಟೆ. ಕೊಟ್ಟದ್ದು ತುಸು ಬೇಗವಾಯಿತು, ಬೆನ್ನು ಮುಟ್ಟುವ ಮೊದಲೇ ಖೊ ಎಂದಿದ್ದೆ. ಫೌಲ್. ಸೋತೆವು. ಕಂಬ ಮಾತ್ರ ಒರೆಸಿಟ್ಟಿದ್ದರು.

ಬಕೆಟ್ಟಿನ ಅಭ್ಯಾಸ ದಿನವೂ ಮಾಡಿದೆ. ತಮ್ಮ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದ, ಬೇಕೆಂದೇ ನಿಧಾನವಾಗಿ. ನಿನ್ನೆ ಇಪ್ಪತ್ತೆರಡು ಮೀಟರ್ ಆಯಿತು. ಕೊಳದ ಕೊನೆಯ ಗೋಡೆಯ ನೀಲಿ ಹೆಂಚು ಕಾಣಿಸಿತು, ಒಂದು ಹೆಂಚಿನ ಮೂಲೆ ಒಡೆದಿದೆ. ಮುಟ್ಟಲಿಲ್ಲ.

ಪುಸ್ತಕ ಹಿಂದಿರುಗಿಸಿ ನಡೆದದ್ದನ್ನು ಹೇಳಿದೆ. ಗ್ರಂಥಾಲಯದ ಮೇಡಂ ಹಾಳೆ ತಿರುವಿ, ಮೂಸಿ ನೋಡಿ, ‘ಈಜುಕೊಳವೇ?’ ಎಂದರು. ದಂಡ ಹಾಕಲಿಲ್ಲ. ಮುಂದಿನ ಪುಸ್ತಕದ ಜೊತೆಗೆ ಒಂದು ಪ್ಲಾಸ್ಟಿಕ್ ಚೀಲವನ್ನೂ ಕೊಟ್ಟರು.